ಅಂಕಿತದಿಂದ ಯೂಸರ್‌ನೇಮ್‌ವರೆಗೆ: ಹೆಸರಿಟ್ಟುಕೊಳ್ಳುವ ಕನ್ನಡದ ಬಗೆ

ನಮ್ಮ ಸಂಘದ ಶನಿವಾರದ ಕನ್ನಡ ತರಗತಿಯಲ್ಲಿ ದೊಡ್ಡ ಮಕ್ಕಳ ಗುಂಪು ನನ್ನ ಪಾಲಿಗೆ ಬಂದಿದೆ. ಹನ್ನೆರಡರಿಂದ ಹದಿನಾರರ ವಯಸ್ಸಿನವರು. ಕಳೆದ ವರ್ಷ ಆ ತರಗತಿಯಲ್ಲಿ ನಡೆದ ಎರಡು ಸಂಗತಿಗಳು ಈ ಲೇಖನಕ್ಕೆ ಕಾರಣ.

ಮೊದಲನೆಯದು ಹದಿಮೂರು ತುಂಬಿದ ಹುಡುಗನೊಬ್ಬನದು. ಇಲ್ಲಿ ಅಮೆರಿಕದಲ್ಲಿ 1998ರ ಮಕ್ಕಳ ಖಾಸಗಿತನದ ಕಾನೂನಿನಿಂದಾಗಿ ಹೆಚ್ಚಿನ ಸೋಶಿಯಲ್ ಮೀಡಿಯಾ ಕಂಪನಿಗಳು ಹದಿಮೂರು ತುಂಬದವರಿಗೆ ಖಾತೆ ಕೊಡುವುದಿಲ್ಲ. ಹಾಗಾಗಿ ಹುಟ್ಟುಹಬ್ಬದ ದಿನವೇ ಅವನು ಖಾತೆ ತೆರೆದ. ಯೂಸರ್‌ನೇಮ್ ಏನೆಂದರೆ ತನ್ನ ಹೆಸರು, ಊರಿನ ಹೆಸರು, ಸಾಕರ್ ಜೆರ್ಸಿಯ ನಂಬರು, ಹುಟ್ಟಿದ ವರ್ಷ, ಎಲ್ಲವನ್ನೂ ಒಂದಕ್ಕೊಂದು ಅಂಟಿಸಿದ್ದು. ಮೂರು ವಾರದಲ್ಲಿ ಗುರುತಿಲ್ಲದ ಯಾರೋ ಒಬ್ಬರು ಅವನಿಗೆ ಬರೆದರು: ಶನಿವಾರ ನಿನ್ನ ಆಟ ನೋಡಿದೆ, ಚೆನ್ನಾಗಿತ್ತು ಎಂದು. ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ. ಖಾತೆ ಮುಚ್ಚಿಸಿದರು. ಆದರೆ ಅವನ ತಾಯಿ ಎರಡು ರಾತ್ರಿ ನಿದ್ದೆ ಮಾಡಲಿಲ್ಲ.

ಎರಡನೆಯದು ಇದಕ್ಕೆ ತದ್ವಿರುದ್ಧ. ತರಗತಿಯ ಒಬ್ಬ ಹುಡುಗ ಕನ್ನಡ ಮಾತಾಡುವ ರೀತಿಯನ್ನು ಅಣಕಿಸುವ ಒಂದು ಖಾತೆ ಹುಟ್ಟಿಕೊಂಡಿತು. ಯಾರದೆಂದು ಗೊತ್ತಾಗದ, ಅರ್ಥವೂ ಇಲ್ಲದ ಒಂದು ಹೆಸರು ಅದಕ್ಕೆ. ರಾಜ್ಯೋತ್ಸವದ ನಾಟಕದಲ್ಲಿ ಅವನು 'ಹಾಲು' ಎಂಬುದನ್ನು 'ಆಲು' ಎಂದ ತುಣುಕು ಎಲ್ಲ ಮಕ್ಕಳ ಫೋನಿಗೂ ಹೋಯಿತು. ಖಾತೆ ನಡೆಸುತ್ತಿದ್ದವರು ನಮ್ಮದೇ ತರಗತಿಯವರು ಎಂದು ತಿಳಿಯಲು ಎರಡು ತಿಂಗಳು ಬೇಕಾಯಿತು. ಅಣಕಕ್ಕೆ ಗುರಿಯಾದ ಹುಡುಗ ತರಗತಿ ಬಿಟ್ಟ. ಇದನ್ನು ಬರೆಯುವಾಗಲೂ ಮರಳಿ ಬಂದಿಲ್ಲ.

ಒಂದು ಹೆಸರು ಎಲ್ಲವನ್ನೂ ಹೇಳಿಬಿಟ್ಟಿತು. ಇನ್ನೊಂದು ಏನನ್ನೂ ಹೇಳಲಿಲ್ಲ. ಇವೆರಡರ ನಡುವೆ ಒಳ್ಳೆಯ ಹೆಸರು ಎಂದರೆ ಯಾವುದು? ಇಂಥ ಪ್ರಶ್ನೆಗೆ ಉತ್ತರ ಹುಡುಕಲು ನಾವು ಸಾಮಾನ್ಯವಾಗಿ ಕನ್ನಡ ಸಾಹಿತ್ಯದ ಕಡೆ ನೋಡುವುದಿಲ್ಲ. ಆದರೆ ಸ್ವಂತ ಹೆಸರನ್ನು ಬದಿಗಿಟ್ಟು ಬೇರೆ ಹೆಸರಿನಲ್ಲಿ ಮಾತಾಡುವ ವಿದ್ಯೆಯಲ್ಲಿ ಕನ್ನಡಿಗರಿಗೆ ಎಂಟುನೂರು ವರ್ಷಗಳಿಗೂ ಮಿಕ್ಕಿದ ಅನುಭವವಿದೆ. ಅದನ್ನು ಸ್ವಲ್ಪ ವಿಮರ್ಶೆಯ ಕಣ್ಣಿನಿಂದ ನೋಡೋಣ.

ಸಲಹೆ ಎಲ್ಲಿಗೆ ನಿಲ್ಲುತ್ತದೆ

ಯೂಸರ್‌ನೇಮ್ ಆಯ್ಕೆಯ ಬಗ್ಗೆ ಎಲ್ಲೆಡೆ ಸಿಗುವ ಸಲಹೆ ಹೆಚ್ಚುಕಡಿಮೆ ಒಂದೇ. ಚಿಕ್ಕದಾಗಿರಲಿ, ನೆನಪಿನಲ್ಲಿ ಉಳಿಯಲಿ, ಎಲ್ಲ ಕಡೆ ಒಂದೇ ಇರಲಿ, ಅಂಕಿ ಮತ್ತು ಅಡಿಗೆರೆ ಕಡಿಮೆ ಇರಲಿ, ಹುಟ್ಟಿದ ದಿನ, ಊರು, ಶಾಲೆ ಬೇಡ. ಇದರಲ್ಲಿ ತಪ್ಪೇನಿಲ್ಲ. ಮೇಲಿನ ಮೊದಲ ಹುಡುಗ ಇದನ್ನು ಪಾಲಿಸಿದ್ದರೆ ಅವನ ತಾಯಿಗೆ ನಿದ್ದೆ ಬರುತ್ತಿತ್ತು. ಆದರೆ ಎರಡನೆಯ ಸಂಗತಿಯಲ್ಲಿ ಖಾತೆ ನಡೆಸಿದವರು ಈ ಎಲ್ಲ ಸಲಹೆಯನ್ನೂ ಅಚ್ಚುಕಟ್ಟಾಗಿ ಪಾಲಿಸಿದ್ದರು! ಚಿಕ್ಕ ಹೆಸರು, ಅಂಕಿಯಿಲ್ಲ, ಊರಿಲ್ಲ, ವಯಸ್ಸಿಲ್ಲ. ಅಂದರೆ ಈ ಸಲಹೆ ಹೆಸರು ಹೇಗಿರಬೇಕು ಎನ್ನುತ್ತದೆಯೇ ಹೊರತು ಹೆಸರು ಯಾಕೆ ಬೇಕು ಎಂದು ಕೇಳುವುದಿಲ್ಲ.

ಅಂಕಿತ ಯಾರ ಹೆಸರು?

ಹನ್ನೊಂದು, ಹನ್ನೆರಡನೆಯ ಶತಮಾನಗಳ ವಚನಕಾರರು ತಮ್ಮ ಮಾತಿನ ಕೊನೆಯಲ್ಲಿ ಒಂದು ಅಂಕಿತ ಇಡುತ್ತಿದ್ದರು. ಬಸವಣ್ಣನವರದು ಕೂಡಲಸಂಗಮದೇವ, ಅಲ್ಲಮಪ್ರಭುವಿನದು ಗುಹೇಶ್ವರ, ಅಕ್ಕಮಹಾದೇವಿಯದು ಚೆನ್ನಮಲ್ಲಿಕಾರ್ಜುನ, ಜೇಡರ ದಾಸಿಮಯ್ಯನದು ರಾಮನಾಥ. ಶಾಲೆಯಲ್ಲಿ ಇದನ್ನು 'ವಚನಕಾರರ ಸಹಿ' ಎಂದು ಕಲಿತಿದ್ದೇವೆ. ಸಹಿಯ ಕೆಲಸವನ್ನು ಅದು ಮಾಡಿದ್ದೂ ನಿಜ. ಫ. ಗು. ಹಳಕಟ್ಟಿಯವರು (1880–1964) ಓಲೆಗರಿಗಳನ್ನು ಹುಡುಕಿ ತಂದು 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿದರು. ಯಾವ ವಚನ ಯಾರದೆಂದು ಗುರುತಿಸಲು ವಿದ್ವಾಂಸರಿಗೆ ಮುಖ್ಯ ಆಧಾರವೇ ಈ ಅಂಕಿತ. ಅಂಕಿತ ತಪ್ಪಿದರೆ ವಚನ ದಿಕ್ಕಿಲ್ಲದ್ದಾಗುತ್ತದೆ. ಬಸವಣ್ಣನವರ ಅಂಕಿತವನ್ನು ಬದಲಿಸಿ ಅಚ್ಚು ಮಾಡಿದ 'ವಚನ ದೀಪ್ತಿ' ಎಂಬ ಗ್ರಂಥವನ್ನು ಕರ್ನಾಟಕ ಸರ್ಕಾರ 1998ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು, ಆ ಕ್ರಮವನ್ನು ಸುಪ್ರೀಂ ಕೋರ್ಟ್ 2017ರಲ್ಲಿ ಎತ್ತಿಹಿಡಿಯಿತು. ಒಂದು ಹೆಸರಿನ ಪ್ರಶ್ನೆ ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ಹೋಯಿತು ಎಂದರೆ ಅದರ ತೂಕ ಎಷ್ಟೆಂದು ತಿಳಿಯುತ್ತದೆ.

ಆದರೆ 'ಸಹಿ' ಎಂಬ ಮಾತಿನಲ್ಲಿ ಒಂದು ಮುಖ್ಯ ವಿಷಯ ಮರೆಯಾಗುತ್ತದೆ. ಚೆನ್ನಮಲ್ಲಿಕಾರ್ಜುನ ಎಂಬುದು ಅಕ್ಕನ ಹೆಸರಲ್ಲ. ಅಕ್ಕ ಯಾರೊಡನೆ ಮಾತಾಡುತ್ತಿದ್ದಾಳೋ ಅವನ ಹೆಸರು. ಕೂಡಲಸಂಗಮದೇವ ಎಂದರೆ ಕೃಷ್ಣಾ ಮಲಪ್ರಭಾ ನದಿಗಳು ಕೂಡುವ ಜಾಗದ ದೇವರು. ಬಸವಣ್ಣ ಅವನನ್ನು ಕರೆದು ಮಾತಾಡುತ್ತಾರೆ. ಹೀಗಾಗಿ ಹೇಳುವವರ ಗುರುತು ಸಿಗುವುದು ಕೇಳುವವನ ಹೆಸರಿನಿಂದ. 'ನಾನು ಯಾರು' ಎಂಬುದಕ್ಕೆ ವಚನಕಾರರು ಕೊಟ್ಟ ಉತ್ತರ 'ನಾನು ಯಾರಿಗೆ ಕೇಳಿಸುವಂತೆ ಮಾತಾಡುತ್ತಿದ್ದೇನೆ ನೋಡಿ' ಎಂಬುದು.

ಇನ್ನೊಂದು ವ್ಯತ್ಯಾಸ ಜಾಗದ್ದು. ಅಂಕಿತ ಬರುವುದು ಮಾತಿನ ಕೊನೆಯಲ್ಲಿ ಅಥವಾ ಕೊನೆಯ ಹತ್ತಿರ. ಕೇಳುಗ ಮೊದಲು ಮಾತನ್ನು ಕೇಳುತ್ತಾನೆ, ಆಮೇಲೆ ಹೆಸರನ್ನು. ಸೋಶಿಯಲ್ ಮೀಡಿಯಾದಲ್ಲಿ ಹೆಸರು ಮೊದಲು, ಮಾತು ಆಮೇಲೆ. ಹೆಸರು ನೋಡಿಯೇ ನಾವು ಓದಬೇಕೋ ಬೇಡವೋ, ಮೆಚ್ಚಬೇಕೋ ಬೈಯಬೇಕೋ ಎಂದು ಅರ್ಧ ತೀರ್ಮಾನಿಸಿರುತ್ತೇವೆ. ಅದಕ್ಕೇ ಇಂದಿನ ಹೆಸರುಗಳು ಬೋರ್ಡಿನಂತೆ ಕೂಗುತ್ತವೆ: ಅಪ್ಪಟ ಕನ್ನಡಿಗ, ರಾಯಲ್ ಗೌಡ, ಡೆವಿಲ್ ಬಾಯ್, ಜೊತೆಗೊಂದಿಷ್ಟು ಅಂಕಿ. ಇವೆಲ್ಲ 'ನಾನು ಇಂಥವನು' ಎನ್ನುವ ಹೆಸರುಗಳು. ಯಾರೊಡನೆ ಮಾತು ಎಂಬುದರ ಸುಳಿವು ಅವುಗಳಲ್ಲಿ ಇಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು: ಭಕ್ತಿಯ ಮಾತನ್ನು ಇನ್‌ಸ್ಟಾಗ್ರಾಂ ಖಾತೆಗೆ ಹೋಲಿಸುವುದು ಸರಿಯೇ? ಭಕ್ತಿಯ ಮಟ್ಟದಲ್ಲಿ ಹೋಲಿಕೆ ಖಂಡಿತ ಇಲ್ಲ. ದಾಸರ ಪರಂಪರೆಯಲ್ಲಂತೂ ಅಂಕಿತವನ್ನು ಗುರು ಕೊಡಬೇಕು, ತಾನೇ ಆರಿಸಿಕೊಳ್ಳುವಂತಿಲ್ಲ. ನಾನು ಹೋಲಿಸುತ್ತಿರುವುದು ಹೆಸರು ಮಾಡುವ ಕೆಲಸವನ್ನು ಮಾತ್ರ.

'ಈ ಹೆಸರು ಈಗಾಗಲೇ ಬಳಕೆಯಲ್ಲಿದೆ'

ಖಾತೆ ತೆರೆಯುವಾಗ ಎಲ್ಲರಿಗೂ ಎದುರಾಗುವ ಮಾತು ಇದು. ಆಗ ಯಂತ್ರವೇ ಸೂಚಿಸುತ್ತದೆ: ಹಿಂದೆ 7 ಸೇರಿಸಿ, 2011 ಸೇರಿಸಿ. ಹುಟ್ಟಿದ ವರ್ಷ ಹೆಸರಿನೊಳಗೆ ನುಸುಳುವುದು ಹೆಚ್ಚಾಗಿ ಹೀಗೆಯೇ.

ಇದೇ ತೊಂದರೆ ನಮ್ಮ ಹಿರಿಯರಿಗೂ ಇತ್ತು. ಮಲ್ಲಿಕಾರ್ಜುನ ಒಬ್ಬನೇ, ಭಕ್ತರು ಹಲವರು. ಅಕ್ಕ ಚೆನ್ನಮಲ್ಲಿಕಾರ್ಜುನ ಎಂದಳು, ಸೊನ್ನಲಿಗೆಯ ಸಿದ್ಧರಾಮ ಕಪಿಲಸಿದ್ಧಮಲ್ಲಿಕಾರ್ಜುನ ಎಂದರು, ಮೋಳಿಗೆಯ ಮಾರಯ್ಯ ನಿಃಕಳಂಕ ಮಲ್ಲಿಕಾರ್ಜುನ ಎಂದರು. ದಾಸರಲ್ಲಿ ವಿಠಲ ಒಬ್ಬನೇ. ಆದರೂ ಶ್ರೀಪಾದರಾಜರ ರಂಗವಿಠಲ, ಪುರಂದರವಿಠಲ, ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ ಎಂದು ಪ್ರತಿಯೊಬ್ಬರದೂ ಬೇರೆಯಾಗಿ ಕೇಳಿಸುತ್ತದೆ. ಹೆಸರು ಮುಗಿದುಹೋಯಿತು ಎಂದು ಯಾರೂ ಅಂಕಿ ಅಂಟಿಸಲಿಲ್ಲ. ಒಂದು ವಿಶೇಷಣ ಸೇರಿಸಿದರು, ಆ ವಿಶೇಷಣ ಅರ್ಥವನ್ನೂ ಸೇರಿಸಿತು.

ಆಯ್ದಕ್ಕಿ ದಂಪತಿಗಳ ಅಂಕಿತ ಇನ್ನೂ ಸ್ವಾರಸ್ಯದ್ದು. ಗಂಡ ಮಾರಯ್ಯನ ಅಂಕಿತ ಅಮರೇಶ್ವರಲಿಂಗ. ಹೆಂಡತಿ ಲಕ್ಕಮ್ಮನದು ಮಾರಯ್ಯಪ್ರಿಯ ಅಮರೇಶ್ವರಲಿಂಗ. ಮೇಲ್ನೋಟಕ್ಕೆ ಗಂಡನ ಹೆಸರಿನ ಹಿಂದೆ ನಿಂತಂತೆ ಕಾಣುತ್ತದೆ. ಆದರೆ ಗಂಡ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ವಾಪಸು ಸುರಿದು ಬಾ ಎಂದು ತಿದ್ದಿದವಳು ಈ ಲಕ್ಕಮ್ಮನೇ. ಅವಳ ಅಂಕಿತದಲ್ಲಿ ಗಂಡನಿದ್ದಾನೆ, ಮಾತಿನಲ್ಲಿ ಗಂಡನಿಗೆ ಪ್ರಶ್ನೆಯೂ ಇದೆ. ಹೆಸರಿನಲ್ಲಿ ಸಂಬಂಧ ಇದ್ದ ಮಾತ್ರಕ್ಕೆ ಸ್ವಂತಿಕೆ ಹೋಗುವುದಿಲ್ಲ.

ಬೈಯುವವನ ಹೆಸರು

ವಚನಕಾರರಲ್ಲಿ ಎದ್ದು ಕಾಣುವ ಅಪವಾದ ಅಂಬಿಗರ ಚೌಡಯ್ಯ. ಅವನ ಅಂಕಿತ ದೇವರ ಹೆಸರಲ್ಲ. ಅವನದೇ ಹೆಸರು, ಅವನದೇ ಕಸುಬಿನೊಡನೆ. ವಚನಕಾರರಲ್ಲಿ ಅತ್ಯಂತ ಖಾರವಾಗಿ ಮಾತಾಡಿದವರ ಪೈಕಿಯೂ ಅವನು ಮೊದಲ ಸಾಲಿನವನು. ಡಾಂಭಿಕರನ್ನು ಅವನು ಬೈದಷ್ಟು ಬೇರೆಯವರು ಬೈದಿಲ್ಲ. ಇವೆರಡೂ ಕಾಕತಾಳೀಯವಲ್ಲ ಎಂದು ನನಗೆ ತೋರುತ್ತದೆ. ಕಟುವಾಗಿ ಮಾತಾಡುವವನು ತನ್ನ ಹೆಸರನ್ನೂ ಮುಂದಿಟ್ಟ: ಬೈದವನು ದೋಣಿ ನಡೆಸುವ ಚೌಡಯ್ಯ, ಉತ್ತರ ಕೊಡಬೇಕಿದ್ದರೆ ದಡದಲ್ಲಿ ಸಿಗುತ್ತಾನೆ.

ನಮ್ಮ ತರಗತಿಯ ಎರಡನೆಯ ಸಂಗತಿಯನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿ. ಅಲ್ಲಿ ಬೈಗುಳವಿತ್ತು, ದಡದಲ್ಲಿ ಯಾರೂ ಇರಲಿಲ್ಲ.

ಹಾಗೆಂದು ಮರೆಯ ಹೆಸರೆಲ್ಲ ಕೆಟ್ಟದ್ದು ಎನ್ನಲಾಗದು. ಸೂಳೆ ಸಂಕವ್ವೆ ಎಂಬ ವಚನಕಾರ್ತಿಯ ಅಂಕಿತ ನಿರ್ಲಜ್ಜೇಶ್ವರ. ಸಮಾಜ ಅವಳ ಮೇಲೆ ಹೊರಿಸಿದ ನಾಚಿಕೆಯನ್ನು ಅವಳು ದೇವರ ಹೆಸರಿನಲ್ಲೇ ಕಳಚಿಟ್ಟಳು. ತೀರ ಈಚೆಗೆ ಬಂದರೆ, ಹೊಸಗನ್ನಡದ ಮೊದಲ ಕಥೆಗಾರ್ತಿಯರಲ್ಲಿ ಒಬ್ಬರಾದ ಗೌರಮ್ಮ (1912–1939) ಬರೆದದ್ದು ಮಿಸೆಸ್ ಬಿ.ಟಿ.ಜಿ. ಕೃಷ್ಣ ಎಂಬ ಹೆಸರಿನಲ್ಲಿ. ಆ ಕಾಲದಲ್ಲಿ ಹೆಣ್ಣು ಬರೆಯಬೇಕಿದ್ದರೆ ಅಂಥ ಮರೆ ಬೇಕಾಗಿತ್ತು. ಆದರೆ ಓದುಗರು ಅವರನ್ನು ನೆನಪಿಟ್ಟುಕೊಂಡದ್ದು 'ಕೊಡಗಿನ ಗೌರಮ್ಮ' ಎಂದು. ಗಂಡನ ಹೆಸರು ಹಿಂದೆ ಸರಿಯಿತು, ಅವರ ಹೆಸರೂ ಅವರ ನಾಡೂ ಉಳಿಯಿತು.

ಇವರು ಮರೆಯಾದದ್ದು ಮಾತಾಡುವುದಕ್ಕಾಗಿ. ಮಾತಿನ ಹೊಣೆಯಿಂದ ತಪ್ಪಿಸಿಕೊಳ್ಳುವುದಕ್ಕಲ್ಲ. ಯೂಸರ್‌ನೇಮ್ ವಿಷಯದಲ್ಲಿ ಮಕ್ಕಳಿಗೆ ಕಲಿಸಬೇಕಾದ ಗೆರೆ ಇದೇ ಎಂದು ನನ್ನ ಅಭಿಪ್ರಾಯ. ವಿಳಾಸ ಮುಚ್ಚಿಡಿ, ವಯಸ್ಸು ಮುಚ್ಚಿಡಿ, ಬೇಕಿದ್ದರೆ ನಿಮ್ಮ ಮನೆಯ ಹೆಸರನ್ನೂ ಮುಚ್ಚಿಡಿ. ಮಾತಿನ ಹೊಣೆ ಮಾತ್ರ ಮುಚ್ಚಿಡಬೇಡಿ.

ಕುವೆಂಪು, ಬೇಂದ್ರೆ, ಬೀಚಿ

ಹೊಸಗನ್ನಡದ ಕಾವ್ಯನಾಮಗಳಲ್ಲಿ ಮೂರನ್ನು ಹೆಸರಿಡುವ ಕ್ರಮಕ್ಕಾಗಿಯೇ ಗಮನಿಸಬಹುದು.

ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರು ಆರಂಭದಲ್ಲಿ 'ಕಿಶೋರಚಂದ್ರವಾಣಿ' ಎಂಬ ಹೆಸರು ಇಟ್ಟುಕೊಂಡಿದ್ದರು. ಎಳೆಯ ಕವಿಗೆ ಒಪ್ಪುವ ಹೆಸರು. ಆದರೆ ಐವತ್ತರ ವಯಸ್ಸಿನಲ್ಲಿ 'ಕಿಶೋರ' ಎಂದು ಕರೆಸಿಕೊಳ್ಳುವುದು ಕಷ್ಟ. ಆಮೇಲೆ ಬಂದದ್ದು ಕುವೆಂಪು. ಊರಿನ ಒಂದು ಅಕ್ಷರ, ತಂದೆಯ ಒಂದು ಅಕ್ಷರ, ತನ್ನ ಒಂದು ಅಕ್ಷರ. ವಿವರ ಮೂರೂ ಇದೆ, ಬಿಡಿಸಿ ಹೇಳದೆ ಹೊರಗಿನವರಿಗೆ ಯಾವುದೂ ತಿಳಿಯದು. ವಯಸ್ಸಿನೊಡನೆ ಹಳೆಯದಾಗುವುದಿಲ್ಲ. ಇಲ್ಲಿನ ಫಾರ್ಮುಗಳಲ್ಲಿ 'ಲಾಸ್ಟ್ ನೇಮ್' ಎಂಬ ಖಾನೆಯ ಮುಂದೆ ಪೆನ್ನು ಹಿಡಿದು ನಿಂತು, ಅಪ್ಪನ ಹೆಸರು ಬರೆಯಲೋ ಊರಿನ ಹೆಸರು ಬರೆಯಲೋ ಎಂದು ಗೊಂದಲಪಟ್ಟ ನಮಗೆಲ್ಲ ಈ ಮೂರಕ್ಷರದ ಬೆಲೆ ಚೆನ್ನಾಗಿ ಗೊತ್ತು.

ಬೇಂದ್ರೆಯವರ 'ಅಂಬಿಕಾತನಯದತ್ತ'ದಲ್ಲಿ ತಾಯಿ ಮೊದಲು, ಮಗ ಆಮೇಲೆ. ಅಂಬಿಕೆಯ ಮಗ ದತ್ತ. ಮನೆತನದ ಹೆಸರೇ ಇಲ್ಲ. ಇದನ್ನು ರೋಮನ್ ಅಕ್ಷರದಲ್ಲಿ ಬರೆದರೆ 17 ಅಕ್ಷರ ಬೇಕು. ಎಕ್ಸ್‌ನಲ್ಲಿ ಯೂಸರ್‌ನೇಮಿಗೆ 15 ಅಕ್ಷರದ ಮಿತಿ. ಕೂಡಲಸಂಗಮದೇವನಿಗೂ 17 ಬೇಕು, ಅವನಿಗೂ ಜಾಗವಿಲ್ಲ. ಇನ್‌ಸ್ಟಾಗ್ರಾಂನ ಮಿತಿ 30, ಅಲ್ಲಿ ಇಬ್ಬರೂ ನೆಮ್ಮದಿಯಾಗಿ ಇರಬಹುದು. ಗುಹೇಶ್ವರ ಎರಡೂ ಕಡೆ ಸಲ್ಲುತ್ತಾನೆ. ಚಿಕ್ಕ ಹೆಸರು ಅನುಕೂಲ ಎಂಬುದು ಇದರಿಂದ ತಿಳಿಯುತ್ತದೆ. ಆದರೆ ಚಿಕ್ಕದಾಗಿದ್ದರೆ ಮಾತ್ರ ನೆನಪಿರುತ್ತದೆ ಎಂಬ ಮಾತನ್ನು ಅಂಬಿಕಾತನಯದತ್ತ ಸುಳ್ಳು ಮಾಡಿದ್ದಾನೆ. ಅರ್ಥ ಮತ್ತು ಲಯ ಇದ್ದರೆ ಎಂಟಕ್ಷರವನ್ನೂ ನಾಲಗೆ ಹೊರುತ್ತದೆ.

ರಾಯಸಂ ಭೀಮಸೇನರಾಯರು 'ಬೀಚಿ' ಎಂಬುದನ್ನು ಮೊದಲ ಅಕ್ಷರ ಕನ್ನಡದಲ್ಲಿ, ಎರಡನೆಯದು ರೋಮನ್ ಲಿಪಿಯಲ್ಲಿ ಬರೆದರು. ತಮಾಷೆಗಾಗಿ ಅವರು ಮಾಡಿದ್ದು ನಮಗೆ ಇಂದು ದಿನನಿತ್ಯದ ಪಾಡು. ಎಕ್ಸ್ ಮತ್ತು ಇನ್‌ಸ್ಟಾಗ್ರಾಂ ಯೂಸರ್‌ನೇಮಿನಲ್ಲಿ ಕನ್ನಡ ಲಿಪಿಯನ್ನು ಒಪ್ಪುವುದಿಲ್ಲ; ಮೇಲೆ ಕಾಣುವ ಹೆಸರನ್ನು ಮಾತ್ರ ಕನ್ನಡದಲ್ಲಿ ಬರೆಯಬಹುದು. ಕನ್ನಡದ ಹೆಸರು ರೋಮನ್‌ಗೆ ಹೋಗುವಾಗ ಏನಾಗುತ್ತದೆ ಎಂದು ನಮ್ಮ ತರಗತಿಯ ಹುಡುಗಿಯೊಬ್ಬಳು ತೋರಿಸಿಕೊಟ್ಟಳು. ಅವಳಿಗೆ 'ಮಳೆ' ಎಂಬ ಹೆಸರು ಇಷ್ಟ. ಬರೆದಳು: ಎಂ, ಎ, ಎಲ್, ಇ. ಅಮೆರಿಕದ ಗೆಳತಿಯರು ಅದನ್ನು 'ಗಂಡು' ಎಂಬರ್ಥದಲ್ಲಿ ಓದಿ ನಕ್ಕರು. 'ಕಲೆ' ಎಂದು ಬರೆದಳು, ಅದು ಸೊಪ್ಪಾಯಿತು. ಮಲೆಯೂ ಮಳೆಯೂ ಒಂದೇ, ಬೆಲೆ ಬೆಳೆ ಬೇಳೆ ಮೂರೂ ಒಂದೇ. ಹೀಗಾಗಿ ಆರಿಸಿದ ಹೆಸರನ್ನು ರೋಮನ್‌ನಲ್ಲಿ ಬರೆದು, ಕನ್ನಡ ಬಾರದ ಒಬ್ಬರ ಕೈಯಲ್ಲಿ ಗಟ್ಟಿಯಾಗಿ ಓದಿಸಿ ನೋಡುವುದು ಹೊರನಾಡಿನ ಕನ್ನಡಿಗರಿಗೆ ಅಗತ್ಯವಾದ ಪರೀಕ್ಷೆ.

ತೀರ ಮರೆಯಾದರೆ

ನಂದಳಿಕೆಯ ಲಕ್ಷ್ಮೀನಾರಣಪ್ಪನವರನ್ನೂ (1870–1901) ನೆನೆಯಬೇಕು. ನಾವು ಅವರನ್ನು ಮುದ್ದಣ ಎಂದು ಬಲ್ಲೆವು. ತಾವೇ ಬರೆದ ಕೃತಿಗಳನ್ನು ಹಳೆಯ ಕಾಲದ ಕವಿಯದೆಂಬಂತೆ ಮೈಸೂರಿನ ಪತ್ರಿಕೆಗೆ ಕಳಿಸಿದರು. ಉಡುಪಿಯ ಒಬ್ಬ ವ್ಯಾಯಾಮ ಶಿಕ್ಷಕನ ಕಾವ್ಯವನ್ನು ಯಾರು ಓದುತ್ತಾರೆ ಎಂಬ ಅಳುಕಿತ್ತೇನೋ. ಕಾವ್ಯ ಮೆಚ್ಚುಗೆ ಪಡೆಯಿತು. ಬರೆದವರಿಗೆ ಆ ಮೆಚ್ಚುಗೆ ಪೂರ್ತಿ ದಕ್ಕುವ ಮೊದಲೇ, ಮೂವತ್ತೊಂದರ ಆಸುಪಾಸಿನಲ್ಲಿ, ಅವರು ತೀರಿಕೊಂಡರು. ಕೆಟ್ಟ ಮಾತಿನ ಹೊಣೆ ತಪ್ಪುವಂತೆಯೇ ಒಳ್ಳೆಯ ಮಾತಿನ ಪ್ರೀತಿಯೂ ತಪ್ಪಿಹೋಗಬಹುದು. ಒಳ್ಳೆಯ ಚಿತ್ರ ಬರೆಯುವ, ಹಾಡುವ ನಮ್ಮ ಮಕ್ಕಳು ಯಾರಿಗೂ ತಿಳಿಯದ ಹೆಸರಿನಲ್ಲಿ ಅದನ್ನು ಹಾಕಿ ಅಳಿಸಿಬಿಡುವುದನ್ನು ಕಂಡಾಗ ನನಗೆ ಮುದ್ದಣ ನೆನಪಾಗುತ್ತಾರೆ.

ಈ ವರ್ಷದ ಪಾಠ

ಈ ವರ್ಷ ತರಗತಿಯಲ್ಲಿ ಒಂದು ಚಟುವಟಿಕೆ ಮಾಡಿದೆವು. ಪ್ರತಿಯೊಬ್ಬರೂ ತಮಗೊಂದು ಹೆಸರು ಕಟ್ಟಿಕೊಂಡು ಬರಬೇಕು, ನಾಲ್ಕು ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಈ ಹೆಸರಿನಿಂದ ಗುರುತಿಲ್ಲದವನು ನಿನ್ನ ಮನೆ, ಶಾಲೆ, ವಯಸ್ಸನ್ನು ಕಂಡುಹಿಡಿಯಬಲ್ಲನೇ? ಮೂವತ್ತನೇ ವಯಸ್ಸಿನಲ್ಲಿ ಇದೇ ಹೆಸರಿನಿಂದ ಕರೆದರೆ ಓಗೊಡುತ್ತೀಯಾ? ಯಾರು ಕೇಳಲಿ ಎಂದು ಈ ಹೆಸರಿನಲ್ಲಿ ಮಾತಾಡುತ್ತೀ? ಈ ಹೆಸರಿನಲ್ಲಿ ಆಡಿದ ಮಾತು ನಿನ್ನದು ಎಂದು ನಿನ್ನ ಅಜ್ಜಿಯ ಮುಂದೆ ಒಪ್ಪಿಕೊಳ್ಳುತ್ತೀಯಾ?

ಮೊದಲ ಎರಡು ಪ್ರಶ್ನೆಗಳಿಗೆ ಮಕ್ಕಳು ಚಕಚಕನೆ ಉತ್ತರಿಸಿದರು. ಮೂರನೆಯದಕ್ಕೆ ಯೋಚಿಸಿದರು. ಒಬ್ಬಳು ತಾನು ಬರೆಯುವುದನ್ನು ಶಿವಮೊಗ್ಗದ ಅಜ್ಜ ಓದಬೇಕು ಎಂದು ಅಜ್ಜನ ತೋಟದ ಹೆಸರನ್ನು ಆರಿಸಿದಳು. ಸಾಕರ್ ಆಡುವ ಹುಡುಗ ಕುವೆಂಪು ಕ್ರಮದಲ್ಲಿ ಅಜ್ಜಿ, ಅಪ್ಪ, ತಾನು ಎಂದು ಮೂರು ಅಕ್ಷರ ಜೋಡಿಸಿ ತಂದ. ಜೆರ್ಸಿ ನಂಬರು ಇರಲಿಲ್ಲ.

ನಾಲ್ಕನೆಯ ಪ್ರಶ್ನೆಗೆ ತರಗತಿ ಸುಮ್ಮನಾಯಿತು. ಕೆಲವರು ಖಾಲಿ ಇದ್ದ ಆ ಕುರ್ಚಿಯ ಕಡೆ ನೋಡಿದರು. ಪಾಠ ಮುಗಿದ ಮೇಲೆ ಒಬ್ಬರು ನನ್ನ ಬಳಿ ಬಂದು, ಆ ಹುಡುಗನ ಮನೆಗೆ ಹೋಗಿ ಬರಬೇಕು, ನೀವೂ ಜೊತೆಗೆ ಬರುತ್ತೀರಾ ಎಂದು ಕೇಳಿದರು. ಬರುತ್ತೇನೆ ಎಂದಿದ್ದೇನೆ. ಅಲ್ಲಿ ಏನು ಹೇಳಬೇಕೆಂದು ನಾನು ಕಲಿಸಲು ಹೋಗಿಲ್ಲ. ಬಾಗಿಲು ತೆರೆದಾಗ ಮೊದಲು ತಮ್ಮ ಹೆಸರು ಹೇಳಿ, ಆಮೇಲೆ ಉಳಿದದ್ದು ಎಂದಷ್ಟೇ ಹೇಳಿದೆ.